ಯವನ ಪುರಾಣವೂ ಹೊಸ ಕಾದಂಬರಿಯೂ

ನಮ್ಮ ಕಡೆಯ ಹಳ್ಳಿಗಳಲ್ಲಿ ರಾತ್ರಿಯೆಲ್ಲ ದೊಡ್ಡಾಟ ನೋಡಿ ಬಂದವನನ್ನು ಮರುದಿನ ಬೆಳಿಗ್ಗೆ ‘ಕಥಿ ಏನಿತ್ತು?’ ಎಂದು ಯಾರೂ ಕೇಳುವುದಿಲ್ಲ, ‘ಹೆಂಗಾತು?’ ಎಂದು ಕೇಳುತ್ತಾರೆ. ಕಡೆಗೆ ದುರ್ಯೋಧನನ ತೊಡೆ ಮುರಿಯುವುದು ನೋಡುವವರಿಗೆಲ್ಲ ಮೊದಲೇ ತಿಳಿದ ಸಂಗತಿ. ಪಾರಿಜಾತದ ಆಟದಲ್ಲಿ ಸತ್ಯಭಾಮೆ ಮುನಿಯುವುದೂ ಕೃಷ್ಣನು ರಮಿಸುವುದೂ ಎಳೆಯ ಮಕ್ಕಳಿಗೂ ಗೊತ್ತು. ಆದರೂ ಜನ ಚಾಪೆ ಕಂಬಳಿ ಹೊತ್ತುಕೊಂಡು ಹೋಗಿ ಬೆಳಗಾಗುವ ತನಕ ಕೂಡುತ್ತಾರೆ. ತಿಳಿದ ಕಥೆಯನ್ನು ಈ ಸಲದವರು ಯಾವ ಬಾಯಿಂದ, ಯಾವ ದನಿಯಲ್ಲಿ ಹೇಳುತ್ತಾರೆಂಬುದೇ ಅವರ ಕುತೂಹಲ.

ಈ ಕುತೂಹಲ ನಮ್ಮೊಬ್ಬರದೇ ಅಲ್ಲ. ನಮ್ಮ ಹಿರಿಯರು ಯವನರೆಂದು ಕರೆದ ಗ್ರೀಕರ ಪುರಾಣ ಕಥೆಗಳನ್ನು ಇಂಗ್ಲಿಷಿನಲ್ಲಿ ಹೊಸದಾಗಿ ಕಾದಂಬರಿ ಮಾಡಿ ಹೇಳುವ ರೂಢಿ ಈಚಿನ ವರ್ಷಗಳಲ್ಲಿ ಬಹಳ ಬೆಳೆದಿದೆ. ಕೆನಡಾದ ಮಾರ್ಗರೆಟ್ ಆಟ್‌ವುಡ್ ಅವರು ೨೦೦೫ರಲ್ಲಿ ‘ಪೆನೆಲೋಪಿಯಡ್’ ಬರೆದರು. ಅಮೆರಿಕದ ಮ್ಯಾಡಲಿನ್ ಮಿಲ್ಲರ್ ಅವರ ‘ಅಕಿಲೀಸನ ಹಾಡು’ ೨೦೧೧ರಲ್ಲಿ ಬಂದು ಮರುವರ್ಷ ಆರೆಂಜ್ ಬಹುಮಾನ ಪಡೆಯಿತು; ಅವರದೇ ‘ಸರ್ಸಿ’ ೨೦೧೮ರಲ್ಲಿ ಬಂದಿತು. ಅದೇ ವರ್ಷ ಇಂಗ್ಲೆಂಡಿನ ಪ್ಯಾಟ್ ಬಾರ್ಕರ್ ಅವರು ‘ಹುಡುಗಿಯರ ಮೌನ’ ಎಂಬರ್ಥದ ಹೆಸರಿನ ಕಾದಂಬರಿಯನ್ನು ಕೊಟ್ಟರು. ಇಂಥ ಪುಸ್ತಕಗಳನ್ನು ನಮ್ಮಂಥವರು ಹೇಗೆ ಓದಬೇಕು, ಓದಿದರೆ ನಮಗೇನು ದೊರೆತೀತು ಎಂಬುದೇ ಇಂದಿನ ಮಾತಿನ ವಿಷಯ.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು. ಪಂಪ ರನ್ನರನ್ನು ಅನ್ವಯ ಹಚ್ಚಿ, ಛಂದಸ್ಸು ಬಿಡಿಸಿ ಓದಿದವನು. ಗ್ರೀಕ್ ಭಾಷೆ ನನಗೆ ಬಾರದು. ಇಂಗ್ಲಿಷು ನಿಘಂಟಿನ ಊರುಗೋಲಿಲ್ಲದೆ ನಡೆಯದು. ಕಳೆದ ಸಲ ಊರಿಗೆ ಬಂದಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು ‘ಸರ್ಸಿ’ಯ ಪ್ರತಿಯೊಂದನ್ನು ನನ್ನ ಕೈಗಿತ್ತು ಹೋದಳು. ನೆರೆಯವರೊಬ್ಬರು ಹೊದಿಕೆಯ ಹೆಸರು ಓದಿ, ‘ಏನ್ರಿ ಮಾಸ್ತರ, ನಮ್ಮ ಶಿರಸಿ ಮ್ಯಾಲಿನ ಪುಸ್ತಕ ಏನು?’ ಎಂದು ಕೇಳಿದರು. ಅಬ್ಬಿಗೇರಿಯ ಬೇಸಿಗೆ ಎಂಥದೆಂಬುದು ಎರೆಯ ನಾಡಿನವರಿಗೆ ಹೇಳಬೇಕಾಗಿಲ್ಲ. ಹೊಲದ ಕರಿಯ ನೆಲ ಬಾಯಿ ಬಿಟ್ಟಿರುತ್ತದೆ, ಮಧ್ಯಾಹ್ನ ಹೊರಗೆ ಕಾಲಿಡುವಂತಿಲ್ಲ. ಆ ಮಧ್ಯಾಹ್ನಗಳನ್ನೆಲ್ಲ ನಿಘಂಟು ತೆರೆದಿಟ್ಟುಕೊಂಡು ಈ ಪುಸ್ತಕಕ್ಕೆ ಕೊಟ್ಟೆ. ದಿನಕ್ಕೆ ನಾಲ್ಕು ಪುಟ ಸಾಗಿದರೆ ಹೆಚ್ಚು.

ಹೋಮರನ ‘ಒಡಿಸ್ಸಿ’ಯಲ್ಲಿ ಸರ್ಸಿ ಒಬ್ಬ ಮಾಟಗಾತಿ. ಸೂರ್ಯದೇವನ ಮಗಳು, ದ್ವೀಪವೊಂದರಲ್ಲಿ ಇರುವವಳು. ಟ್ರಾಯ್ ಯುದ್ಧ ಮುಗಿಸಿ ಮನೆಗೆ ಮರಳುತ್ತಿದ್ದ ಒಡಿಸ್ಸಿಯಸನ ಸಂಗಡಿಗರಿಗೆ ಮದ್ದು ಬೆರೆಸಿದ ಪಾನವನ್ನಿತ್ತು ಹಂದಿಗಳನ್ನಾಗಿ ಮಾಡುತ್ತಾಳೆ. ದೇವತೆಯೊಬ್ಬನಿತ್ತ ಮೂಲಿಕೆಯ ಬಲದಿಂದ ಒಡಿಸ್ಸಿಯಸನು ಅವಳ ಮಾಯೆಗೆ ಸಿಕ್ಕದೆ ಉಳಿಯುತ್ತಾನೆ, ಸಂಗಡಿಗರನ್ನು ಬಿಡಿಸಿಕೊಳ್ಳುತ್ತಾನೆ, ಒಂದು ವರ್ಷ ಅಲ್ಲಿಯೇ ಇದ್ದು ಮುಂದೆ ಸಾಗುತ್ತಾನೆ. ಮಹಾಕಾವ್ಯದ ದಾರಿಯಲ್ಲಿ ಅವಳದು ಒಂದು ನಿಲ್ದಾಣ ಮಾತ್ರ. ಅವಳು ಏಕೆ ಹಾಗೆ ಮಾಡಿದಳು, ಅದಕ್ಕೆ ಮೊದಲು ಅವಳ ಬದುಕು ಏನಿತ್ತು, ಒಡಿಸ್ಸಿಯಸನು ಹೋದ ಮೇಲೆ ಏನಾಯಿತು ಎಂಬುದನ್ನು ಹೋಮರನು ವಿಸ್ತರಿಸುವುದಿಲ್ಲ. ಅವನ ಕಣ್ಣೆಲ್ಲ ನಾವೆಯ ಮೇಲೆ.

ಹೊಸ ಕಾದಂಬರಿಕಾರ್ತಿ ಆ ದ್ವೀಪದಲ್ಲಿಯೇ ಉಳಿದುಬಿಟ್ಟಿದ್ದಾರೆ. ಕಥೆಯನ್ನು ಹೇಳುವವಳು ಸರ್ಸಿಯೇ. ದೇವತೆಗಳ ಅರಮನೆಯಲ್ಲಿ ಯಾರಿಗೂ ಬೇಡವಾದ ಮಗಳಾಗಿ ಬೆಳೆದದ್ದು, ಗಿಡಮೂಲಿಕೆಗಳ ಶಕ್ತಿಯನ್ನು ತಾನಾಗಿ ಕಂಡುಕೊಂಡದ್ದು, ಆ ತಪ್ಪಿಗೆ ಗಡೀಪಾರಾದದ್ದು, ಇವೆಲ್ಲ ಮೊದಲ ಭಾಗ. ಮುಂದೆ ಹಸಿದು ಬಂದ ನಾವಿಕರಿಗೆ ಅವಳು ಅತಿಥಿಗಳೆಂದು ಉಣಬಡಿಸುತ್ತಾಳೆ. ಮನೆಯಲ್ಲಿ ಗಂಡಸರಿಲ್ಲವೆಂದು ತಿಳಿದೊಡನೆ ಅವರ ನಾಯಕನು ಅವಳ ಮೇಲೆ ಅತ್ಯಾಚಾರವೆಸಗುತ್ತಾನೆ. ಹಂದಿಯ ಮಾಟ ಹುಟ್ಟುವುದು ಅಲ್ಲಿ. ಹೋಮರನು ಹೇಳಿದ ಘಟನೆಯನ್ನು ಲೇಖಕಿ ಅಳಿಸಲಿಲ್ಲ. ಅದರ ಹಿಂದೆ ಒಂದು ಕಾರಣವನ್ನು ಇಟ್ಟರು. ಅಷ್ಟರಿಂದಲೇ ನಾವು ಇಷ್ಟು ದಿನ ನಗುತ್ತ ಕೇಳಿದ ಕಥೆ ನಗಲಾರದ ಕಥೆಯಾಗುತ್ತದೆ. ಕಡೆಯಲ್ಲಿ ಅವಳು ತನ್ನ ಅಮರತ್ವವನ್ನೇ ತೊರೆದು ಮನುಷ್ಯಳಾಗಲು ಹೊರಡುತ್ತಾಳೆ. ಅಮೃತಕ್ಕಾಗಿ ಕಡಲು ಕಡೆದ ಕಥೆಯನ್ನು ಕೇಳಿ ಬೆಳೆದ ನನಗೆ ಈ ಕೊನೆ ಬಹಳ ಹೊತ್ತು ಮನಸ್ಸಿನಲ್ಲಿ ನಿಂತಿತು.

ಉಳಿದವರ ದಾರಿಯೂ ಇಂಥದೇ. ‘ಇಲಿಯಡ್’ ಮಹಾಕಾವ್ಯ ಆರಂಭವಾಗುವುದು ಬ್ರಿಸೀಸ್ ಎಂಬ ಸೆರೆಯಾಳು ಹೆಣ್ಣಿನ ಸಲುವಾಗಿ ಅಗಮೆಮ್ನಾನ್ ಮತ್ತು ಅಕಿಲೀಸರು ಮಾಡುವ ಜಗಳದಿಂದ. ಇಪ್ಪತ್ತನಾಲ್ಕು ಸರ್ಗಗಳ ಆ ಕಾವ್ಯದಲ್ಲಿ ಆ ಹೆಣ್ಣು ಬಾಯಿ ತೆರೆಯುವುದು ಒಮ್ಮೆ ಮಾತ್ರ, ಹತ್ತೊಂಬತ್ತನೆಯ ಸರ್ಗದಲ್ಲಿ, ತನಗೆ ದಯೆ ತೋರಿದ್ದ ಪೆಟ್ರೋಕ್ಲಸನ ಹೆಣದ ಮುಂದೆ ಅಳುವಾಗ. ಬಾರ್ಕರ್ ಅವರ ಕಾದಂಬರಿಯ ಬಹುಭಾಗವನ್ನು ಅವಳೇ ಹೇಳುತ್ತಾಳೆ. ಒಡಿಸ್ಸಿಯಸನು ಮನೆ ಸೇರಿದ ಮೇಲೆ ಅವನ ಮಗ ಹನ್ನೆರಡು ಮಂದಿ ದಾಸಿಯರನ್ನು ಒಂದೇ ಹಗ್ಗಕ್ಕೆ ನೇಣು ಹಾಕುತ್ತಾನೆ. ಹೋಮರನಲ್ಲಿ ಅದು ಕೆಲವೇ ಸಾಲುಗಳ ಮಾತು. ಆಟ್‌ವುಡ್ ಅವರ ಪುಸ್ತಕದಲ್ಲಿ ಆ ಹನ್ನೆರಡು ದಾಸಿಯರು ಮೇಳವಾಗಿ ನಿಂತು ತಮಗಾದ ನ್ಯಾಯವನ್ನು ಪ್ರಶ್ನಿಸುತ್ತಾರೆ.

ಇಲ್ಲಿ ಸಂಪ್ರದಾಯವಂತರಾದ ಕೇಳುಗರೊಬ್ಬರು, ‘ಪೂರ್ವಕವಿಗಳು ಕಟ್ಟಿದ್ದನ್ನು ತಿದ್ದಲು ಇವರಿಗೇನು ಅಧಿಕಾರ?’ ಎಂದು ಕೇಳಬಹುದು. ನಾನೂ ಮೂವತ್ತು ವರ್ಷ ಹಾಗೆಯೇ ಕೇಳಿದವನು. ಆದರೆ ಪೂರ್ವಕವಿಗಳೇ ಏನು ಮಾಡಿದರೆಂಬುದನ್ನು ಸ್ವಲ್ಪ ನೋಡೋಣ.

ಕ್ರಿ. ಶ. ೯೪೧ರಲ್ಲಿ ಪಂಪನು ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದನು. ಅವನ ತಾಯಿ ಅಬ್ಬಣಬ್ಬೆ ನಮ್ಮ ನೆರೆಯ ಅಣ್ಣಿಗೇರಿಯ ಮನೆತನದವಳು. ವ್ಯಾಸ ಭಾರತದ ಕಥೆಯನ್ನು ಹೇಳಹೊರಟ ಆದಿಕವಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದನು. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದ ಮೇಲೆ ಅವನಿಗೆ ಹಾಗೆ ಮಾಡದೆ ಗತಿಯಿರಲಿಲ್ಲ. ರನ್ನನು ಭಾರತವನ್ನೆಲ್ಲ ಗದಾಯುದ್ಧದ ಒಂದು ದಿನದೊಳಗೆ ಸಿಂಹಾವಲೋಕನ ಕ್ರಮದಿಂದ ತುಂಬಿದನು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಹಾಡಿದ ಕುಮಾರವ್ಯಾಸನಿಗೆ ಅದೇ ಭಾರತ ಕೃಷ್ಣಕಥೆಯಾಯಿತು. ಇವರಲ್ಲಿ ಯಾರನ್ನು ನಾವು ಅಪರಾಧಿ ಎನ್ನೋಣ?

ಗ್ರೀಕರಲ್ಲಿಯೂ ಇದೇ ನಡೆಯಿತು. ಹೆಲೆನ್ ಎಂಬ ಸುಂದರಿಯ ಅಪಹರಣದಿಂದ ಟ್ರಾಯ್ ಯುದ್ಧವಾಯಿತೆಂದು ಲೋಕಪ್ರಸಿದ್ಧಿ. ಕ್ರಿ. ಪೂ. ೪೧೨ರಲ್ಲಿ ಯೂರಿಪಿಡೀಸನು ಬರೆದ ನಾಟಕದಲ್ಲಿ ಹೆಲೆನ್ ಟ್ರಾಯ್ ನಗರಕ್ಕೆ ಹೋಗಲೇ ಇಲ್ಲ. ದೇವತೆಗಳು ನಿರ್ಮಿಸಿದ ಅವಳ ಛಾಯೆಯೊಂದು ಹೋಯಿತು, ಆ ನೆರಳಿಗಾಗಿ ಹತ್ತು ವರ್ಷ ಎರಡು ಜನಾಂಗಗಳು ಹೊಡೆದಾಡಿ ಸತ್ತವು. ಇದನ್ನು ಓದಿದಾಗ ನಮಗೆ ಅಧ್ಯಾತ್ಮ ರಾಮಾಯಣದ ಮಾಯಾಸೀತೆ ನೆನಪಾಗದಿರುತ್ತಾಳೆಯೆ? ಅಲ್ಲಿಯೂ ರಾವಣನು ಒಯ್ದದ್ದು ನೆರಳನ್ನು. ನಿಜವಾದ ಸೀತೆ ಅಗ್ನಿಯಲ್ಲಿ ಅಡಗಿದ್ದಳು. ಉಪಾಯ ಒಂದೇ, ಹೃದಯ ಬೇರೆ. ನಮ್ಮವರು ದೇವಿಯ ಪಾವಿತ್ರ್ಯವನ್ನು ಕಾಯಲು ನೆರಳನ್ನು ತಂದರು; ಯೂರಿಪಿಡೀಸನ ನೆರಳು ಯುದ್ಧವೇ ವ್ಯರ್ಥವೆಂದು ತೋರಿಸುತ್ತದೆ.

ಗ್ರೀಕ್ ಕಥೆಗೂ ಕನ್ನಡಕ್ಕೂ ಸಂಬಂಧ ಇಂದು ನೆನ್ನೆಯದಲ್ಲವೆಂದು ಹೇಳಿಕೊಳ್ಳಲು ನಮಗೊಂದು ಆಸೆಯ ಸಾಕ್ಷಿಯೂ ಇದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತು ೧೯೦೩ರಲ್ಲಿ ಅಚ್ಚಾದ ಪಪೈರಸ್ ಹಾಳೆಯ ಮೇಲೆ ಒಂದು ಗ್ರೀಕ್ ಪ್ರಹಸನವಿದೆ. ಭಾರತದ ಕಡಲ ತೀರದಲ್ಲಿ ಸೆರೆಸಿಕ್ಕಿದ ಗ್ರೀಕ್ ತರುಣಿಯೊಬ್ಬಳನ್ನು ಅವಳ ಅಣ್ಣನ ಕಡೆಯವರು ಇಲ್ಲಿಯ ಅರಸನಿಗೆ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುವುದು ಅದರ ವಸ್ತು. ಯೂರಿಪಿಡೀಸನ ‘ಇಫಿಜೀನಿಯಾ’ ನಾಟಕವೊಂದರ ಹಾಸ್ಯರೂಪವಿದು. ಅದರಲ್ಲಿ ಅರಸನ ಕಡೆಯವರು ಆಡುವ ತಿಳಿಯದ ಮಾತುಗಳು ಕನ್ನಡವಿರಬೇಕೆಂದು ಹುಲ್ಟ್ಶ್ ಎಂಬ ಜರ್ಮನ್ ಪಂಡಿತರು ೧೯೦೪ರಲ್ಲಿ ಸೂಚಿಸಿದರು. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಅದನ್ನು ಚರ್ಚಿಸಿದರು. ವಿದ್ವಾಂಸರೆಲ್ಲರೂ ಇದನ್ನು ಒಪ್ಪಿಲ್ಲವೆಂಬುದನ್ನೂ ಹೇಳಬೇಕು. ಮಾತು ಕನ್ನಡವಿರಲಿ ಬಿಡಲಿ, ಆ ಕಾಲದಲ್ಲಿಯೇ ಗಂಭೀರ ಪುರಾಣ ಕಥೆಯೊಂದು ಕಡಲು ದಾಟಿಸಿ ಹೊಸ ವೇಷ ಹಾಕಿಸಿಕೊಂಡಿತ್ತೆಂಬುದಂತೂ ನಿಶ್ಚಯ.

ಹೊಸಗನ್ನಡದಲ್ಲಿ ಈ ಕೆಲಸವನ್ನು ಧೈರ್ಯವಾಗಿ ಮಾಡಿದವರು ಬಿ. ಎಂ. ಶ್ರೀಕಂಠಯ್ಯನವರು. ಸೊಫೊಕ್ಲೀಸನ ‘ಅಜಾಕ್ಸ್’ ನಾಟಕವನ್ನು ಅವರು ೧೯೨೯ರಲ್ಲಿ ‘ಅಶ್ವತ್ಥಾಮನ್’ ಎಂದು ಕನ್ನಡಕ್ಕೆ ತಂದರು. ಅಕಿಲೀಸನ ಆಯುಧಗಳು ತನಗೆ ಸಿಗದೆ ಹೋದುವೆಂದು ಕೆರಳಿದ ಅಜಾಕ್ಸ್, ದೇವತೆ ಕವಿಸಿದ ಹುಚ್ಚಿನಲ್ಲಿ ಶತ್ರುಗಳೆಂದು ತಿಳಿದು ದನಕುರಿಗಳನ್ನು ಕಡಿಯುತ್ತಾನೆ. ತಿಳಿವು ಬಂದ ಮೇಲೆ ನಾಚಿ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ನಮ್ಮ ಭಾರತದಲ್ಲಿ ರಾತ್ರಿಯ ಕೊಲೆ ಮಾಡಿದ ಅಶ್ವತ್ಥಾಮನನ್ನು ಶ್ರೀಯವರು ಆ ಅಚ್ಚಿನಲ್ಲಿ ಎರೆದರು. ಆದರೆ ಅಶ್ವತ್ಥಾಮನು ಏಳು ಮಂದಿ ಚಿರಂಜೀವಿಗಳಲ್ಲೊಬ್ಬನು. ನಾಟಕದಲ್ಲಿ ಅವನು ತನ್ನ ಕೈಯಾರೆ ಸಾಯುತ್ತಾನೆ! ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟಿದ್ದೆ. ಆಮೇಲೆ ಯೋಚಿಸಿದೆ: ಸಾವಿಲ್ಲದೆ ಅಲೆಯುವುದು ಭಾರತದ ಶಾಪ, ಬದುಕಿರಲಾರದಷ್ಟು ನಾಚುವುದು ಗ್ರೀಕ್ ದುರಂತ. ಎರಡೂ ಒಂದೇ ಪಾಪದ ಎರಡು ತೂಕಗಳು. ೧೯೩೫ರಲ್ಲಿ ಶ್ರೀಯವರು ಈಸ್ಕಿಲಸನ ‘ಪಾರಸಿಕರು’ ನಾಟಕವನ್ನೂ ಕೊಟ್ಟರು. ಮುಂದೆ ಲಂಕೇಶರು ಈಡಿಪಸ್ ಮತ್ತು ಅಂತಿಗೊನೆಯರನ್ನು ಇಂದಿನ ಕನ್ನಡದಲ್ಲಿ ಮಾತನಾಡಿಸಿದರು. ಇಂಗ್ಲಿಷು ತೊಡಕೆನ್ನುವವರಿಗೆ ಗ್ರೀಕ್ ಲೋಕದ ಬಾಗಿಲು ಈ ಪುಸ್ತಕಗಳಲ್ಲಿ ತೆರೆದಿದೆ.

ಪುರಾಣವನ್ನು ಕಾದಂಬರಿ ಮಾಡುವವರಲ್ಲಿ ಎರಡು ಪಂಥಗಳಿರುವಂತೆ ನನಗೆ ತೋರುತ್ತದೆ. ಒಂದು ಪಂಥದವರು ದೇವತೆಗಳನ್ನೂ ಪವಾಡಗಳನ್ನೂ ಕಳಚಿಟ್ಟು, ಒಳಗೆ ನಡೆದಿರಬಹುದಾದ ಮನುಷ್ಯರ ಸಂಗತಿಯನ್ನು ಹುಡುಕುತ್ತಾರೆ. ಮೇರಿ ರೆನೋ ಅವರು ೧೯೫೮ರಲ್ಲಿ ಬರೆದ ‘ರಾಜನು ಸಾಯಲೇಬೇಕು’ ಎಂಬರ್ಥದ ಕಾದಂಬರಿಯಲ್ಲಿ ಥೀಸಿಯಸನು ಕೊಂದ ಗೂಳಿತಲೆಯ ರಾಕ್ಷಸನಿಲ್ಲ. ಕ್ರೀಟ್ ದ್ವೀಪದ ಅರಮನೆಯಲ್ಲಿ ಸೆರೆಯಾಳು ತರುಣ ತರುಣಿಯರು ಗೂಳಿಯ ಮೇಲೆ ನೆಗೆಯುವ ಅಪಾಯದ ಆಟವಿದೆ. ೧೯೦೦ರಿಂದ ಅಲ್ಲಿ ನಡೆದ ಉತ್ಖನನದಲ್ಲಿ ಅಂಥ ಆಟದ ಚಿತ್ರಗಳು ದೊರೆತಿದ್ದವು. ನಮ್ಮ ಎಸ್. ಎಲ್. ಭೈರಪ್ಪನವರ ‘ಪರ್ವ’ವೂ ೧೯೭೯ರಲ್ಲಿ ಇದೇ ಜಾಡು ಹಿಡಿಯಿತು. ಅಲ್ಲಿ ಪಾಂಡವರ ಜನಕರು ಆಕಾಶದಿಂದಿಳಿದವರಲ್ಲ, ಹಿಮಾಲಯದ ದೇವಜನಾಂಗದ ಗಂಡಸರು. ಇನ್ನೊಂದು ಪಂಥದವರು ದೇವಲೋಕವನ್ನು ಹಾಗೆಯೇ ಇಟ್ಟುಕೊಂಡು ಅದರೊಳಗಣ ಮನಸ್ಸನ್ನು ಶೋಧಿಸುತ್ತಾರೆ. ಮಿಲ್ಲರ್ ಈ ಪಂಥದವರು. ನಮ್ಮಲ್ಲಿ ದೇವುಡು ನರಸಿಂಹಶಾಸ್ತ್ರಿಗಳು ೧೯೫೦ರ ‘ಮಹಾಬ್ರಾಹ್ಮಣ’ದಲ್ಲಿ ವಿಶ್ವಾಮಿತ್ರನ ತಪಸ್ಸನ್ನೂ, ‘ಮಹಾಕ್ಷತ್ರಿಯ’ದಲ್ಲಿ ನಹುಷನ ಏಳುಬೀಳನ್ನೂ ಹೀಗೆಯೇ ಬರೆದರು.

ಯಾವ ಪಂಥ ಮೇಲು ಎಂಬ ವಾದ ಬೇಡ. ಕೃತಿ ಗಟ್ಟಿಯೋ ಪೊಳ್ಳೋ ಎಂದು ನೋಡಲು ನಾನು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇನೆ. ಮೊದಲನೆಯದು: ಕಥೆಯ ಫಲವನ್ನು ಲೇಖಕರು ಗೌರವಿಸಿದ್ದಾರೆಯೆ? ಟ್ರಾಯ್ ಬೀಳಲೇಬೇಕು, ಪೆಟ್ರೋಕ್ಲಸನು ಸಾಯಲೇಬೇಕು, ಕರ್ಣನ ರಥಚಕ್ರ ಹೂಳಲೇಬೇಕು. ಕಾರಣವನ್ನು ಹೊಸದಾಗಿ ಹುಡುಕುವುದು ಕಷ್ಟದ ಕೆಲಸ; ಫಲವನ್ನು ಹಿತವಾಗುವಂತೆ ಬದಲಿಸುವುದು ಸುಲಭದ ಕೆಲಸ. ಸುಲಭದ ಕೆಲಸ ಮಾಡಿದ ಪುಸ್ತಕ ಬೇಗ ಮರೆತುಹೋಗುತ್ತದೆ. ‘ಅಶ್ವತ್ಥಾಮನ್’ ಚಿರಂಜೀವಿಯ ಫಲವನ್ನೇ ಬದಲಿಸಿತಲ್ಲ ಎಂದು ನೀವು ಹಿಡಿದು ನಿಲ್ಲಿಸಬಹುದು. ನಿಜ. ಆದರೆ ಶ್ರೀಯವರು ಬದಲಿಸಿದ್ದು ಹಿತಕ್ಕಾಗಿ ಅಲ್ಲ, ಇನ್ನೂ ಕಠಿಣವಾದದ್ದಕ್ಕಾಗಿ. ಎರಡನೆಯ ಪ್ರಶ್ನೆ: ಹೊಸ ಲೇಖಕರು ತೆರೆದ ಬಾಗಿಲು ಹಳೆಯ ಮನೆಯಲ್ಲಿ ಇದ್ದದ್ದೋ, ಅಥವಾ ಗೋಡೆ ಒಡೆದು ಮಾಡಿದ್ದೋ? ಬ್ರಿಸೀಸಳ ಒಂದು ಅಳುವನ್ನು ಹೋಮರನೇ ಇಟ್ಟಿದ್ದಾನೆ. ಗಿರೀಶ ಕಾರ್ನಾಡರು ೧೯೬೧ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂದ ‘ಯಯಾತಿ’ ನಾಟಕದಲ್ಲಿ ಪೂರುವಿನ ಹೆಂಡತಿ ಚಿತ್ರಲೇಖೆಯನ್ನು ಸೃಷ್ಟಿಸಿದರು. ಅವಳು ಪುರಾಣದಲ್ಲಿಲ್ಲ. ಆದರೆ ತಂದೆಯ ಮುಪ್ಪನ್ನು ಮಗನು ಹೊತ್ತ ರಾತ್ರಿ ಸೊಸೆಯ ಗತಿ ಏನೆಂಬ ಪ್ರಶ್ನೆ ಪುರಾಣದಲ್ಲಿಯೇ ಕಾದು ಕುಳಿತಿತ್ತು. ಇದಕ್ಕೆ ವಿರುದ್ಧವಾಗಿ, ಇಂದಿನ ನಮ್ಮ ಅಭಿಪ್ರಾಯಗಳಿಗೆ ಅಂದಿನವರ ಕಿರೀಟ ತೊಡಿಸಿ ಭಾಷಣ ಮಾಡಿಸುವ ಕಾದಂಬರಿಗಳೂ ಇಲ್ಲದಿಲ್ಲ. ಅವುಗಳಲ್ಲಿ ನಮ್ಮ ಮುಖವನ್ನೇ ನಾವು ಮತ್ತೊಮ್ಮೆ ಕಾಣುತ್ತೇವೆ, ಅಷ್ಟೆ.

ಇಷ್ಟು ಹೇಳಿದ ಮೇಲೆ ನನ್ನದೊಂದು ತಪ್ಪನ್ನೂ ಹೇಳಬೇಕು. ಇದನ್ನು ಬಿಟ್ಟರೆ ಈ ಮಾತು ಪೂರ್ತಿಯಾಗದು.

ಹಲವು ವರ್ಷಗಳ ಹಿಂದೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ‘ಕುಂತಿಯ ಮಾತೃವಾತ್ಸಲ್ಯವನ್ನು ವಿವರಿಸಿರಿ’ ಎಂದು ನಾಲ್ಕು ಅಂಕಗಳ ಪ್ರಶ್ನೆ ಕೊಟ್ಟಿದ್ದೆ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಒಂದು ಪುಟ ಬರೆದಿದ್ದಳು. ಕುಂತಿ ಕರ್ಣನ ಬಳಿಗೆ ಬಂದದ್ದು ಯುದ್ಧದ ಹೊತ್ತಿಗೆ, ಉಳಿದ ಐವರ ಜೀವಕ್ಕಾಗಿ; ಅವನನ್ನು ಎತ್ತಿ ಆಡಿಸಿ ಸಾಕಿದವಳು ರಾಧೆ; ಕರ್ಣನು ಸತ್ತಾಗ ರಾಧೆಯ ಹತ್ತಿರ ಯಾರು ಹೋಗಿ ಹೇಳಿದರು, ಅವಳು ಏನು ಮಾಡಿದಳು, ಎಂದು ಕೇಳಿದ್ದಳು. ನಾನು ಕೆಂಪು ಮಸಿಯಿಂದ ಅಡ್ಡಗೆರೆ ಎಳೆದು ‘ಪಠ್ಯದಲ್ಲಿಲ್ಲದ್ದು’ ಎಂದು ಬರೆದು ಸೊನ್ನೆ ಹಾಕಿದೆ. ಉತ್ತರಪತ್ರಿಕೆ ಹಂಚಿದ ದಿನ ಅವಳು ಎದ್ದು ನಿಂತು, ‘ಸರ್, ಹಂಗಾರ ರಾಧೆ ಅವ್ವ ಅಲ್ಲೇನ್ರಿ?’ ಎಂದಳು. ತರಗತಿ ನಕ್ಕಿತು. ನಾನೂ ನಕ್ಕು ಕೂಡ್ರಿಸಿದೆ.

ನನಗೆ ‘ಸರ್ಸಿ’ಯನ್ನು ತಂದುಕೊಟ್ಟವಳು ಅವಳೇ. ಪುಸ್ತಕದ ನಡುವೆ ಎಲ್ಲಿಯೋ ಒಂದು ಮಧ್ಯಾಹ್ನ ಆ ಸೊನ್ನೆ ನನ್ನ ಕಣ್ಣ ಮುಂದೆ ಬಂತು. ಎದ್ದು ವ್ಯಾಸ ಭಾರತದ ಉದ್ಯೋಗಪರ್ವವನ್ನು ತೆಗೆದೆ. ಕೃಷ್ಣನು ಕರ್ಣನಿಗೆ ಜನ್ಮರಹಸ್ಯವನ್ನು ತಿಳಿಸಿ ಪಾಂಡವರ ಕಡೆಗೆ ಕರೆಯುವ ಸಂದರ್ಭ. ಕರ್ಣನು ಕೊಡುವ ಉತ್ತರದಲ್ಲಿ ರಾಧೆ ಇದ್ದಾಳೆ. ತನ್ನನ್ನು ಕಂಡೊಡನೆ ಅವಳ ಎದೆಯಲ್ಲಿ ಹಾಲಿಳಿದದ್ದನ್ನೂ, ತನ್ನ ಮಲಮೂತ್ರಗಳನ್ನು ಅವಳು ಬಳಿದದ್ದನ್ನೂ ಅವನು ನೆನೆಯುತ್ತಾನೆ. ಅಂಥವಳನ್ನು ಬಿಟ್ಟು ಹೇಗೆ ಬರಲಿ ಎನ್ನುತ್ತಾನೆ. ಪಂಡಿತನೆನ್ನಿಸಿಕೊಂಡ ನಾನು ಈ ಭಾಗವನ್ನು ಓದಿರಲಿಲ್ಲವೆಂದಲ್ಲ. ಓದಿದ್ದೆ. ಹುಡುಗಿ ಕೇಳಿದ ದಿನ ಅದು ನೆನಪಿಗೆ ಬರಲಿಲ್ಲ, ಅಷ್ಟೆ. ಹದಿನೈದು ವರ್ಷದ ಹುಡುಗಿ ಗೋಡೆ ಒಡೆದಿರಲಿಲ್ಲ; ವ್ಯಾಸರು ತೆರೆದಿಟ್ಟ ಬಾಗಿಲಲ್ಲಿ ನಿಂತಿದ್ದಳು. ಬಾಗಿಲು ಮುಚ್ಚಿದವನು ನಾನು.

ಮುಂದೆ ಅವಳು ಊರಿಗೆ ಬಂದಾಗ ಇದನ್ನು ಹೇಳಿದೆ. ಅವಳಿಗೆ ಎಲ್ಲ ನೆನಪಿತ್ತು. ಸಿಟ್ಟೇನೂ ಇರಲಿಲ್ಲ. ‘ಆಮ್ಯಾಲೆ ನಾನು ಗೈಡಿನ್ಯಾಗ ಇದ್ದದ್ದನ್ನ ಬರದ್ನಿ ಸರ್, ಮಾರ್ಕ್ಸ್ ಛಲೋ ಬಂದ್ವು’ ಎಂದು ನಕ್ಕಳು. ಆ ನಗುವಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ನಾಲ್ಕು ಅಂಕಗಳನ್ನು ಇಂದು ಕೊಟ್ಟರೆ ಯಾವ ಪತ್ರಿಕೆಯಲ್ಲಿ ಕೂಡಿಸುವುದು?

ಮಿಲ್ಲರ್ ಅವರೂ ನನ್ನ ಹಾಗೆ ಹೈಸ್ಕೂಲಿನ ಮಕ್ಕಳಿಗೆ ಪಾಠ ಹೇಳಿದವರು. ಲ್ಯಾಟಿನ್ ಗ್ರೀಕ್ ಕಲಿಸುತ್ತ ಹತ್ತು ವರ್ಷ ದುಡಿದು ಮೊದಲ ಕಾದಂಬರಿಯನ್ನು ಮುಗಿಸಿದರೆಂದು ತಿಳಿದಾಗ, ತರಗತಿಯಲ್ಲಿ ಮಕ್ಕಳು ಕೇಳಿದ ಪ್ರಶ್ನೆಗಳನ್ನು ಅವರು ನಕ್ಕು ಕೂಡ್ರಿಸಿರಲಿಕ್ಕಿಲ್ಲ ಎಂದುಕೊಂಡೆ.

ಮನೆಯಲ್ಲಿ ಮಕ್ಕಳಿರುವ ಕೇಳುಗರಲ್ಲಿ ನನ್ನದೊಂದು ಬಿನ್ನಹ. ಹೊಸ ಕಾದಂಬರಿ ಓದಿದರೆ ಹಳೆಯ ಪುರಾಣ ಕೆಡುತ್ತದೆಂಬ ಅಂಜಿಕೆ ಬೇಡ. ಮೊದಲು ಯಾವುದನ್ನು ಓದಿದರೂ ಸರಿಯೆ, ಒಂದನ್ನು ಓದಿ ಇನ್ನೊಂದನ್ನು ಬಿಡದಿದ್ದರಾಯಿತು. ‘ಸರ್ಸಿ’ಯನ್ನು ಓದಿದ ಮಗು ಒಡಿಸ್ಸಿಯ ಆ ಒಂದು ಸರ್ಗವನ್ನಾದರೂ ಓದಲಿ, ‘ಪರ್ವ’ ಓದಿದವನು ಕುಮಾರವ್ಯಾಸನ ನಾಲ್ಕು ಷಟ್ಪದಿಗಳನ್ನು ಗಟ್ಟಿಯಾಗಿ ಓದಿ ನೋಡಲಿ. ರಾತ್ರಿ ಊಟದ ಹೊತ್ತಿನಲ್ಲಿ, ‘ಊರ್ಮಿಳೆ ಹದಿನಾಲ್ಕು ವರ್ಷ ಏನು ಮಾಡುತ್ತಿದ್ದಳು?’ ಎಂದು ಮಗಳು ಕೇಳಿದರೆ, ಅದು ಪುಸ್ತಕದಲ್ಲಿಲ್ಲ ಎಂದು ಹೇಳಬೇಡಿರಿ. ‘ನಿನಗೇನನ್ನಿಸುತ್ತದೆ?’ ಎಂದು ಕೇಳಿರಿ.

ಈ ವರ್ಷ ನನ್ನ ತರಗತಿಯಲ್ಲಿ ಕರ್ಣನ ಪಾಠ ಬಂದಾಗ ಮಕ್ಕಳಿಗೆ ಒಂದು ಪುಟ ಬರೆಯಲು ಹೇಳಿದೆ. ಕರ್ಣನು ಬಿದ್ದ ಸಂಜೆ ರಾಧೆಯ ಮನೆ ಹೇಗಿತ್ತು ಎಂಬುದು ವಿಷಯ. ಒಬ್ಬ ಹುಡುಗನು ಅವಳು ದೀಪ ಹಚ್ಚಿರಲಿಲ್ಲವೆಂದು ಬರೆದನು. ಇನ್ನೊಬ್ಬಳು, ಅವಳು ಎರಡು ತಾಟು ಹಚ್ಚಿ ಕುಳಿತಿದ್ದಳೆಂದು ಬರೆದಳು. ಕೆಂಪು ಮಸಿಯ ಲೇಖನಿಯನ್ನು ಆ ದಿನ ನಾನು ಕಿಸೆಯಿಂದ ತೆಗೆಯಲಿಲ್ಲ.